ಮೈನಸ್ ಎಲ್‌ಟಿಆರ್‌ನಿಂದ ಯಣ್ ಸಂಧಿಯವರೆಗೆ

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಸಾಫ್ಟ್‌ವೇರ್ ಕೆಲಸದ ಆಸೆ ಹೊತ್ತು ಹೈದರಾಬಾದಿನ ಬಸ್ಸು ಹತ್ತಿದವರಲ್ಲಿ ಅಮೀರ್‌ಪೇಟೆಯ ಮೆಟ್ಟಿಲು ತುಳಿಯದವರು ಕಡಿಮೆ. ಮೈತ್ರಿವನಂ ಸುತ್ತ ಗೋಡೆಯೇ ಕಾಣದಷ್ಟು ಕೋಚಿಂಗ್ ಬೋರ್ಡು, ಕೈಗೆ ತುರುಕುವ ಪಾಂಪ್ಲೆಟ್ಟು, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಟ್ಟ ನೋಟ್ಸು. ಯುನಿಕ್ಸ್ ಪಾಠದ ಮೊದಲ ವಾರದಲ್ಲಿ ಅಲ್ಲಿ ಕಿವಿಗೆ ಬೀಳುವುದು ಮಗ್ಗಿಯಂಥ ಒಂದು ರಾಗ: ಎಲ್‌ಎಸ್ ಮೈನಸ್ ಎಲ್‌ಟಿಆರ್, ಪಿಎಸ್ ಮೈನಸ್ ಇಎಫ್, ಟಾರ್ ಮೈನಸ್ ಎಕ್ಸ್‌ವಿಎಫ್. ಮನೆಮಾತು ತೆಲುಗೋ ಉರ್ದುವೋ ಕನ್ನಡವೋ, ಹೇಳುವುದು ಹೀಗೆಯೇ. ಈ ಲೇಖನದಲ್ಲೂ ಕಮಾಂಡುಗಳನ್ನು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ.

ಎಲ್‌ಟಿಆರ್ ಒಂದು ಪದವಲ್ಲ, ಮೂರು ಅಪ್ಪಣೆ. ಎಲ್ ಅಂದರೆ ವಿವರವಾಗಿ ತೋರಿಸು, ಟಿ ಅಂದರೆ ಸಮಯದ ಪ್ರಕಾರ ಜೋಡಿಸು, ಆರ್ ಅಂದರೆ ತಲೆಕೆಳಗು ಮಾಡು. ಟಿಆರ್‌ಎಲ್ ಎಂದು ಬರೆದರೂ ಸರಿಯೇ. ಆದರೆ ಫೈಲುಗಳನ್ನು ಒಂದು ಗಂಟಾಗಿ ಕಟ್ಟುವ, ಬಿಚ್ಚುವ ಟಾರ್‌ನ ಎಕ್ಸ್‌ವಿಎಫ್‌ನಲ್ಲಿ ಈ ಸಲಿಗೆ ಇಲ್ಲ. ಎಫ್ ಎಂಬ ಅಕ್ಷರಕ್ಕೆ ಹಸಿವು ಜಾಸ್ತಿ. ಅದಕ್ಕೊಂದು ಫೈಲಿನ ಹೆಸರು ಬೇಕು. ಮೈನಸ್ ಎಕ್ಸ್‌ಎಫ್‌ವಿ ಎಂದು ಬರೆದರೆ ಅದು ಪಕ್ಕದ ವಿಯನ್ನೇ ಹೆಸರೆಂದು ತಿಳಿದು, 'ವಿ ಎಂಬ ಫೈಲು ಇಲ್ಲ' ಎಂದು ದೂರುತ್ತದೆ.

ಬಿಚ್ಚುವಾಗ ಹೀಗಾದರೆ ಬರೀ ನಗು. ಕಟ್ಟುವಾಗ ಆದರೆ? ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟಿನಲ್ಲಿ ಯಾರೋ ಟಾರ್ ಮೈನಸ್ ಸಿಎಫ್‌ವಿ ಎಂದು ಬರೆದು, ಮುಂದೆ ಆ ದಿನದ ತಾರೀಕಿನ ಫೈಲಿನ ಹೆಸರು ಕೊಟ್ಟಿದ್ದರು. ಟಾರ್ ಪ್ರತಿ ರಾತ್ರಿ ನಿಷ್ಠೆಯಿಂದ 'ವಿ' ಎಂಬ ಫೈಲು ಕಟ್ಟಿತು. ತಾರೀಕಿನ ಹೆಸರನ್ನು, ಒಳಗೆ ತುಂಬಬೇಕಾದ ಇನ್ನೊಂದು ಫೈಲು ಎಂದುಕೊಂಡು ಹುಡುಕಿತು, ಸಿಗಲಿಲ್ಲ ಎಂದು ಗೊಣಗಿತು. ಆ ಗೊಣಗಾಟವನ್ನು ಸ್ಕ್ರಿಪ್ಟು ಕಸಕ್ಕೆ ಕಳಿಸುತ್ತಿತ್ತು. ಮೂರು ವಾರ ಹಿಂದಿನ ಒಂದು ಪ್ರತಿ ಬೇಕಾದ ದಿನ ನೋಡಿದರೆ, ಅಲ್ಲಿದ್ದದ್ದು ನಿನ್ನೆ ರಾತ್ರಿಯ 'ವಿ' ಒಂದೇ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ಸಿಎಫ್‌ವಿಯನ್ನು ಮೈನಸ್ ಇಲ್ಲದೆ ಬರೆದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಟಾರ್ 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಜೊತೆ ಬಂದದ್ದು. ಅದರ ಹಳೆಯ ಪದ್ಧತಿಯಲ್ಲಿ ಮೊದಲ ಪದದ ಅಕ್ಷರಗಳನ್ನೆಲ್ಲ ಓದಿ ಮುಗಿಸಿ, ಹೆಸರು ಬೇಕಾದ ಅಕ್ಷರಗಳಿಗೆ ಮುಂದಿನ ಪದಗಳನ್ನು ಸರದಿಯಂತೆ ಹಂಚಲಾಗುತ್ತದೆ. ಮೈನಸ್ ಹಾಕಿದ ಕೂಡಲೇ ಇನ್ನೊಂದು ಪದ್ಧತಿ ಜಾರಿಗೆ ಬರುತ್ತದೆ. ಅಕ್ಷರ ಅದೇ, ಅರ್ಥ ಬೇರೆ. ಪಿಎಸ್ ಇದಕ್ಕಿಂತ ಒಂದು ಕೈ ಮೇಲು. ಲಿನಕ್ಸ್‌ನಲ್ಲಿ ಪಿಎಸ್ ಎಯುಎಕ್ಸ್ ಎಂದರೆ ಎಲ್ಲರ ಪ್ರಕ್ರಿಯೆಗಳ ವಿವರ. ಪಿಎಸ್ ಮೈನಸ್ ಎಯುಎಕ್ಸ್ ಎಂದರೆ ನಿಯಮದ ಪ್ರಕಾರ 'ಎಕ್ಸ್' ಎಂಬ ಬಳಕೆದಾರನ ಪ್ರಕ್ರಿಯೆಗಳೂ ಸೇರಿದಂತೆ ಬೇರೊಂದು ಪಟ್ಟಿ. ಎಕ್ಸ್ ಹೆಸರಿನವರು ಆ ಯಂತ್ರದಲ್ಲಿ ಯಾರೂ ಇಲ್ಲದಿದ್ದರೆ, 'ಪಾಪ, ಮೈನಸ್ ತಪ್ಪಿ ಹಾಕಿರಬೇಕು' ಎಂದು ಊಹಿಸಿ ಮೊದಲಿನ ಉತ್ತರವನ್ನೇ ಕೊಡುತ್ತದೆ. ಬರೆದದ್ದನ್ನು ಹೀಗೆ ಬಿಡಿಸಿ ಓದುವ ಭಾಗಕ್ಕೆ ಪಾರ್ಸರ್ ಎಂದು ಹೆಸರು. ಊಹೆಯ ಮೇಲೆ ನಡೆಯುವ ಪಾರ್ಸರ್ ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು.

ಬರಹವನ್ನು ಅಡಕ ಮಾಡುವುದೆಂದರೆ ಏನನ್ನೋ ಬಿಡುವುದು. ಬಿಟ್ಟದ್ದು ಮಾಯವಾಗುವುದಿಲ್ಲ, ಎಲ್ಲೋ ಒಂದು ಪಟ್ಟಿಯಲ್ಲಿ ಹೋಗಿ ಕೂರುತ್ತದೆ. ಎಫ್‌ಗೆ ಹೆಸರು ಬೇಕು, ವಿಗೆ ಬೇಡ ಎಂಬುದು ಎಫ್‌ವಿ ಎಂಬ ಬರಹದಲ್ಲಿ ಎಲ್ಲಿಯೂ ಇಲ್ಲ. ಬರೆಯುವವನೂ ಓದುವ ಪ್ರೋಗ್ರಾಮೂ ಒಂದೇ ಪಟ್ಟಿ ಹಿಡಿದಿದ್ದರೆ ಮಾತು ದಾಟುತ್ತದೆ, ಇಲ್ಲದಿದ್ದರೆ 'ವಿ' ಫೈಲು ಹುಟ್ಟುತ್ತದೆ. ಕಳೆದ ಐವತ್ತು ವರ್ಷಗಳ ಕಮಾಂಡ್ ಪಾರ್ಸರುಗಳ ಇತಿಹಾಸವನ್ನು ನಾನು ಓದಿಕೊಳ್ಳುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಪಟ್ಟಿ ಎಲ್ಲಿತ್ತು?

ಯಣ್‌ನೊಳಗೆ ವ, ರ, ಲ ಎಲ್ಲಿವೆ?

ಈ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು, ನಮ್ಮ ಹೈಸ್ಕೂಲು ಕನ್ನಡ ಪಠ್ಯದಲ್ಲಿಯೇ ಇದೆ. ಅತಿ, ಅಂತ ಸೇರಿ ಅತ್ಯಂತ. ಮನು, ಅಂತರ ಸೇರಿ ಮನ್ವಂತರ. ಯಣ್ ಸಂಧಿ. ಯಣ್ ಎಂದರೇನು ಎಂದು ಮೇಷ್ಟ್ರು ಕೇಳಿದರೆ ಯ, ವ, ರ, ಲ ಎಂದು ಒಪ್ಪಿಸುತ್ತಿದ್ದೆವು. ಆದರೆ ಯಣ್ ಎಂಬ ಬರಹದಲ್ಲಿ ವ, ರ, ಲ ಎಲ್ಲಿವೆ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವು ಇರುವುದು ಪಾಣಿನಿಯ ವ್ಯಾಕರಣದ ಮುಂದೆ ನಿಲ್ಲುವ 14 ಸಾಲಿನ ವರ್ಣಪಟ್ಟಿಯಲ್ಲಿ. ಪ್ರತಿ ಸಾಲಿನ ತುದಿಗೆ ಲೆಕ್ಕಕ್ಕೆ ಬಾರದ ಒಂದು ಗುರುತಕ್ಷರ ಇದೆ; ವ್ಯಾಕರಣದವರ ಮಾತಿನಲ್ಲಿ ಅದು 'ಇತ್'. ಪಟ್ಟಿಯ ಒಂದು ವರ್ಣದಿಂದ ಹೊರಟು ಮುಂದಿನ ಯಾವುದೋ ಗುರುತಕ್ಷರದವರೆಗೆ ನಡೆದರೆ, ದಾರಿಯಲ್ಲಿ ಸಿಕ್ಕ ವರ್ಣಗಳ ಗುಂಪಿಗೆ ಆ ಮೊದಲು ಮತ್ತು ಆ ಕೊನೆ ಸೇರಿದ್ದೇ ಹೆಸರು. ಇದು ಪ್ರತ್ಯಾಹಾರ. ಯದಿಂದ ಣ್‌ವರೆಗೆ ಯಣ್. ವಾಕ್, ಈಶ ಸೇರಿ ವಾಗೀಶ ಆಗುವ ಜಶ್ತ್ವ ಸಂಧಿಯಲ್ಲಿ ಇರುವುದು ಜದಿಂದ ಶ್‌ವರೆಗಿನ ಜಶ್: ಜ, ಬ, ಗ, ಡ, ದ. ಯಣ್ ಸಂಧಿಯ ನಿಯಮವನ್ನು ಅಷ್ಟಾಧ್ಯಾಯಿಯ 6.1.77ನೆಯ ಸೂತ್ರ ಐದೇ ಅಕ್ಷರಗಳಲ್ಲಿ ಹೇಳಿ ಮುಗಿಸುತ್ತದೆ. ಬಿಡಿಸಿ ಬರೆದರೆ ಅರ್ಧ ಪುಟ. ಅರ್ಧ ಮಾತ್ರೆ ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷ ಎಂಬ ಹಳೆಯ ಚಟಾಕಿ ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟು ಬಿಗಿಯಾದ ಪಟ್ಟಿಯಲ್ಲೂ ಒಂದು ಕಡೆ ನೂಲು ಸಡಿಲ. ಣ್ ಎಂಬ ಗುರುತಕ್ಷರ ಎರಡು ಸಲ ಬರುತ್ತದೆ, ಮೊದಲ ಸಾಲಿನ ಕೊನೆಗೆ ಒಮ್ಮೆ, ಆರನೆಯ ಸಾಲಿನ ಕೊನೆಗೆ ಇನ್ನೊಮ್ಮೆ. ಹಾಗಾದರೆ 'ಅಣ್' ಎಂದರೆ ಅ, ಇ, ಉ ಮಾತ್ರವೋ, ಅಥವಾ ಎಲ್ಲ ಸ್ವರಗಳ ಜೊತೆ ಹ, ಯ, ವ, ರ, ಲ ಕೂಡವೋ? ಬರಹ ನೋಡಿ ಹೇಳಲು ಬಾರದು. 1.1.69ನೆಯ ಸೂತ್ರವೊಂದರಲ್ಲಿ ಮಾತ್ರ ದೂರದ ಣ್, ಉಳಿದೆಡೆ ಹತ್ತಿರದ್ದು ಎಂದು ಸಂಪ್ರದಾಯ ತೀರ್ಮಾನಿಸಿತು. 'ಇಣ್' ಎಂದರೆ ಯಾವಾಗಲೂ ದೂರದ್ದೇ. ನಾಗೇಶ ಭಟ್ಟನ ಪರಿಭಾಷೇಂದುಶೇಖರದ ಮೊಟ್ಟಮೊದಲ ಪರಿಭಾಷೆಯೇ ಈ ತೊಡಕಿಗೆ ಸಂಬಂಧಿಸಿದ್ದು: ಸಂಶಯ ಬಂತೆಂದು ನಿಯಮವನ್ನು ತಳ್ಳಿಹಾಕಬೇಡಿ, ವ್ಯಾಖ್ಯಾನ ನೋಡಿ ಎಂಬುದು ಅದರ ತಾತ್ಪರ್ಯ. ಇಂದಿನ ಮಾತಿನಲ್ಲಿ, ಮ್ಯಾನುಯಲ್ ಓದಿ.

ಕನ್ನಡಕ್ಕೂ ಈ ಅನುಭವ ಇದೆ. ಭಟ್ಟಾಕಳಂಕ 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದ. ಕಟ್ಟಿದ್ದು ತೀರ ಬಿಗಿಯಾಯಿತೆಂದೋ ಏನೋ, ಅದಕ್ಕೆ ತಾನೇ ವೃತ್ತಿ ಬರೆದ, ಆ ವೃತ್ತಿಗೂ ತಾನೇ ವ್ಯಾಖ್ಯಾನ ಬರೆದ.

ಪಾಣಿನಿಯನ್ನು ಕಂಪ್ಯೂಟರಿನವರ ಸಾಲಿಗೆ ಎಳೆದು ಕೂರಿಸುವ ಉತ್ಸಾಹದಲ್ಲಿ ಅತಿಶಯೋಕ್ತಿಗಳು ಬಹಳ ಹುಟ್ಟಿವೆ, ವಾಟ್ಸಾಪಿನಲ್ಲಿ ದಿನಕ್ಕೊಂದು ಬರುತ್ತದೆ. ಅದರ ನಡುವೆ ನಿಜವಾದ ಕೆಲಸವೂ ಇದೆ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪೀಟರ್ ಇಂಗರ್‌ಮನ್ 1967ರಲ್ಲಿ ಅಮೆರಿಕದ ಕಂಪ್ಯೂಟರ್ ಸಂಘದ ಪತ್ರಿಕೆಗೆ ಕಾಗದ ಬರೆದರು. ಜರ್ಮನಿಯ ವೀಬ್ಕೆ ಪೀಟರ್ಸನ್ 2004ರಲ್ಲಿ ಗಣಿತದ ಮೂಲಕ ತೋರಿಸಿದ್ದು ಇನ್ನೂ ಗಟ್ಟಿ: ಪಾಣಿನಿಗೆ ಬೇಕಿದ್ದ ಗುಂಪುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಹೊಂದಿಸಲು ಒಂದು ವರ್ಣವನ್ನಾದರೂ ಎರಡು ಸಲ ಬರೆಯದೆ ಗತ್ಯಂತರವಿಲ್ಲ, ಹಕಾರವನ್ನು ಆತ ಎರಡು ಸಲ ಬರೆದದ್ದು ಮರೆವಲ್ಲ.

ಟೆಲಿಟೈಪಿನ ಬಿಗಿ ಕೀಲಿಗಳು

ಯುನಿಕ್ಸ್‌ನ ಜಿಪುಣತನಕ್ಕೆ ಇಷ್ಟು ದೊಡ್ಡ ತತ್ತ್ವವೇನೂ ಇರಲಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕೂತದ್ದು ಟೆಲಿಟೈಪ್ ಯಂತ್ರದ ಮುಂದೆ. ಮಾಡೆಲ್ 33 ಸೆಕೆಂಡಿಗೆ ಮುದ್ರಿಸುತ್ತಿದ್ದದ್ದು 10 ಅಕ್ಷರ. ಅದರ ಕೀಲಿಗಳನ್ನು ಬೆರಳು ನೋಯುವಂತೆ ಒತ್ತಬೇಕು. ಪ್ರತಿ ಅಕ್ಷರಕ್ಕೂ ಬೆಲೆ ಇತ್ತು. ಅವರು ಬಿಟ್ಟು ಬಂದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಮೈನಸ್ ಹಾಕಿ ಉದ್ದನೆಯ ಪದ ಬರೆಯುವ ಪದ್ಧತಿ, ಅದಕ್ಕೊಂದು ಚಿಕ್ಕ ರೂಪ ಎರಡೂ ಇದ್ದವು. ಯುನಿಕ್ಸ್ ಚಿಕ್ಕದ್ದನ್ನಷ್ಟೇ ಇಟ್ಟುಕೊಂಡು, ಅದನ್ನೂ ಒಂದಕ್ಷರಕ್ಕೆ ಇಳಿಸಿತು. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲಿಯೇ ಎಲ್‌ಎಸ್‌ಗೆ ಐದು ಅಕ್ಷರಗಳು ಒಂದೇ ಮೈನಸ್ ಹಿಂದೆ ಗುಂಪಾಗಿ ನಿಂತಿವೆ.

ಆಗ ಪಟ್ಟಿ ಎಲ್ಲಿತ್ತು? ಒಂದೊಂದು ಪ್ರೋಗ್ರಾಮಿನ ಹೊಟ್ಟೆಯಲ್ಲಿ. ಶೆಲ್ ಕಮಾಂಡ್ ಸಾಲನ್ನು ಖಾಲಿ ಜಾಗದಲ್ಲಿ ತುಂಡು ಮಾಡಿ ಕೈಗಿಡುತ್ತದೆ, ಮುಂದಿನದು ನಿನ್ನ ಪಾಡು. ಬರೆದವರೆಲ್ಲ ತಮ್ಮ ತಮ್ಮ ಲೂಪು ಬರೆದುಕೊಂಡರು. ಡಿಡಿ ಎಂಬ ಕಮಾಂಡು ಐಬಿಎಂ ಕಾರ್ಡುಗಳ ಶೈಲಿಯಲ್ಲಿ ಹೆಸರು, ಸಮ ಚಿಹ್ನೆ, ಬೆಲೆ ಎಂದು ಕೇಳಿತು. ಫೈಂಡ್ ಒಂದೇ ಮೈನಸ್‌ಗೆ ಇಡೀ ಪದ ಅಂಟಿಸಿತು. ಟಾರ್‌ಗೆ ಮೈನಸ್ಸೇ ಬೇಡ. ಹೆಡ್ ಮೈನಸ್ ಐದು ಎಂದರೆ ಮೊದಲ ಐದು ಸಾಲು, ಕಿಲ್ ಮೈನಸ್ ಒಂಬತ್ತು ಎಂದರೆ ಉಳಿಯಗೊಡದೆ ಕೊಲ್ಲು. ಇಲ್ಲಿ ಮೈನಸ್ ಹಿಂದೆ ಇರುವುದು ಅಕ್ಷರವೋ ಸಂಖ್ಯೆಯೋ? ಇಂದಿಗೂ ಪಾರ್ಸರ್ ಬರೆಯುವವರಿಗೆ ಇದು ಕಾಲಿಗೆ ತೊಡರುವ ಕಲ್ಲು. ಮೈನಸ್ ಐದು ಎಂಬುದು ಉಷ್ಣಾಂಶದ ಬೆಲೆಯಾಗಿಯೂ ಬರಬಹುದಲ್ಲ.

1980ರ ಸುಮಾರಿಗೆ ಎಟಿ ಅಂಡ್ ಟಿಯಲ್ಲಿ ಗೆಟ್‌ಆಪ್ಟ್ ಎಂಬ ಪುಟ್ಟ ಫಂಕ್ಷನ್ ಹುಟ್ಟಿತು, ಸಿಸ್ಟಂ 3 ಯುನಿಕ್ಸ್‌ನಲ್ಲಿ ಹೊರಬಂತು. 1985ರಲ್ಲಿ ಡಲ್ಲಾಸ್‌ನ ಯುನಿಫೋರಂ ಸಮ್ಮೇಳನದಲ್ಲಿ ಅದರ ಮೂಲಪಠ್ಯವನ್ನು ಕಂಪನಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಇದರ ಬುದ್ಧಿವಂತಿಕೆ ಇರುವುದು ಪಟ್ಟಿಯನ್ನು ಒಂದು ಚಿಕ್ಕ ಸರಕ್ಕೆ ಇಳಿಸಿದ್ದರಲ್ಲಿ. ಎ, ಬಿ, ಎಫ್ ಎಂಬ ಮೂರು ಆಪ್ಷನ್ ಇದ್ದು ಎಫ್‌ಗೆ ಮಾತ್ರ ಬೆಲೆ ಬೇಕಿದ್ದರೆ, ಎ ಬಿ ಎಫ್ ಎಂದು ಬರೆದು ಎಫ್ ಮುಂದೆ ಒಂದು ಕೋಲನ್ ಇಟ್ಟರೆ ಮುಗಿಯಿತು. ಆ ಕೋಲನ್ ಪಾಣಿನಿಯ ಇತ್ ಅಕ್ಷರದ ದಾಯಾದಿ. ತಾನು ಆಪ್ಷನ್ ಅಲ್ಲ, ಪಕ್ಕದಲ್ಲಿರುವುದರ ಸ್ವಭಾವ ಹೇಳುವ ಗುರುತು.

ಅದರ ನಡಿಗೆ ತಿಳಿದರೆ ಇಂಥ ಪಾರ್ಸರನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಬರೆಯಬಹುದು. ಒಂದು ಪದ ತೆಗೆದುಕೋ. ಅದು ಮೈನಸ್‌ನಿಂದ ಶುರುವಾಗದಿದ್ದರೆ ಆಪ್ಷನ್ನುಗಳು ಮುಗಿದವು. ಬರೀ ಒಂಟಿ ಮೈನಸ್ ಆಗಿದ್ದರೂ ಅದು ಆಪ್ಷನ್ ಅಲ್ಲ, ರೂಢಿಯಲ್ಲಿ ಕೀಬೋರ್ಡಿನಿಂದ ಓದು ಎಂದರ್ಥ. ಎರಡೇ ಮೈನಸ್ ಆಗಿದ್ದರೆ ಅದನ್ನು ನುಂಗಿ ನಿಲ್ಲು. ಇಲ್ಲವಾದರೆ ಮೈನಸ್ ಮುಂದಿನ ಅಕ್ಷರಗಳನ್ನು ಒಂದೊಂದಾಗಿ ಪಟ್ಟಿಯಲ್ಲಿ ನೋಡು. ಸಿಗದಿದ್ದರೆ ದೂರು. ಸಿಕ್ಕು, ಮುಂದೆ ಕೋಲನ್ ಇಲ್ಲದಿದ್ದರೆ ಅಕ್ಷರ ಒಪ್ಪಿಸಿ ಅದೇ ಪದದ ಮುಂದಿನ ಅಕ್ಷರಕ್ಕೆ ಹೋಗು. ಕೋಲನ್ ಇದ್ದರೆ, ಆ ಪದದಲ್ಲಿ ಉಳಿದದ್ದೆಲ್ಲ ಅದರ ಬೆಲೆ. ಏನೂ ಉಳಿದಿರದಿದ್ದರೆ ಮುಂದಿನ ಇಡೀ ಪದ ಬೆಲೆ. ಇಷ್ಟೇ. 'ಉಳಿದದ್ದೆಲ್ಲ' ಎಂಬ ಪದದಲ್ಲಿಯೇ ನಮ್ಮ 'ವಿ' ಫೈಲು ಹುಟ್ಟಿದ್ದು. ಪದದ ನಡುವೆ ಎಲ್ಲಿ ನಿಂತಿದ್ದೇನೆ ಎಂಬುದನ್ನು ಗೆಟ್‌ಆಪ್ಟ್ ಎಲ್ಲರಿಗೂ ಸೇರಿದ ಒಂದು ಕಡೆ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಎರಡು ಥ್ರೆಡ್ಡುಗಳು ಒಟ್ಟಿಗೆ ಕರೆದರೆ ಕೆಡುತ್ತದೆ. ಸ್ವಂತ ಬರೆಯುವವರು ಈ ತಪ್ಪನ್ನಾದರೂ ಬಿಡಬಹುದು.

ಎರಡು ಮೈನಸ್‌ನ ಮಹತ್ವ ಗೊತ್ತಾಗುವುದು ಕೆಟ್ಟ ದಿನದಲ್ಲಿ. ಫೋಲ್ಡರಿನಲ್ಲಿ ಯಾರಾದರೂ 'ಮೈನಸ್ ಆರ್‌ಎಫ್' ಎಂಬ ಹೆಸರಿನದೇ ಫೈಲು ಇಟ್ಟಿದ್ದರೆ, ಆರ್‌ಎಂ ಸ್ಟಾರ್ ಎಂದು ಒತ್ತಿದಾಗ ಶೆಲ್ ಸ್ಟಾರನ್ನು ಬಿಡಿಸಿ ಆ ಹೆಸರನ್ನೂ ಸಾಲಿಗೆ ಸೇರಿಸುತ್ತದೆ. ಆರ್‌ಎಂಗೆ ಅದು ಹೆಸರಲ್ಲ, ಕೇಳದೆ ಎಲ್ಲ ಅಳಿಸು ಎಂಬ ಅಪ್ಪಣೆ. ಹೆಸರು ಯಾವುದು, ಅಪ್ಪಣೆ ಯಾವುದು ಎಂಬ ಭೇದ ತುಂಡು ಮಾಡುವಾಗಲೇ ಕಳೆದುಹೋಗಿರುತ್ತದೆ. ಸ್ಟಾರಿಗೆ ಮೊದಲು ಎರಡು ಮೈನಸ್ ಇಟ್ಟಿದ್ದರೆ ಅದು ಹೆಸರಾಗಿಯೇ ಉಳಿಯುತ್ತಿತ್ತು.

1992ರ ಪೋಸಿಕ್ಸ್ ಮಾನಕ ಈ ರೂಢಿಗಳಿಗೆ ಕಾನೂನಿನ ರೂಪ ಕೊಟ್ಟಿತು. ಇಂದು ಅದರಲ್ಲಿ 14 ಮಾರ್ಗಸೂಚಿಗಳಿವೆ. ಬೆಲೆ ಬೇಡದ ಆಪ್ಷನ್ನುಗಳನ್ನು ಒಂದು ಮೈನಸ್ ಹಿಂದೆ ಗುಂಪು ಮಾಡಬಹುದು ಎನ್ನುವುದು ಐದನೆಯದು. ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬಂಥ ಬೆಲೆ ಇಡಬೇಡಿ ಎನ್ನುವುದು ಏಳನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಜಾಣ ಮಾತು. ಅದನ್ನು ಮೀರಿದವರಿಗೆ ಪಠ್ಯ ತಿದ್ದುವ ಸೆಡ್ ಎಂಬ ಕಮಾಂಡು ಸಾಕ್ಷಿ. ಗ್ನೂ ಸೆಡ್‌ನಲ್ಲಿ ಮೈನಸ್ ಐ ಎಂದರೆ ಫೈಲನ್ನು ಅಲ್ಲೇ ತಿದ್ದು. ಹಳೆಯ ಪ್ರತಿ ಇಡಬೇಕೆಂದರೆ ಐಗೆ ಅಂಟಿಸಿ ಒಂದು ಬಾಲ ಕೊಡಬಹುದು, ಕೊಡದೆಯೂ ಇರಬಹುದು. ಹಾಗಾಗಿ ಐ ಮತ್ತು ಇ ಎರಡನ್ನೂ ಸೇರಿಸಿ ಮೈನಸ್ ಐಇ ಎಂದು ಬರೆದರೆ, ಇ ಎಂಬುದೇ ಬಾಲವಾಗಿ, ಪ್ರತಿ ಫೈಲಿನ ಪಕ್ಕದಲ್ಲಿ ಹೆಸರಿನ ಕೊನೆಗೆ ಇ ಹತ್ತಿದ ಅವಳಿ ಹುಟ್ಟುತ್ತದೆ. ಮ್ಯಾಕ್‌ನ ಸೆಡ್‌ಗೆ ಆ ಬಾಲ ಕಡ್ಡಾಯ. ಕೈಯಲ್ಲಿ ಮ್ಯಾಕ್, ಸರ್ವರಿನಲ್ಲಿ ಲಿನಕ್ಸ್ ಇರುವ ಹೈಟೆಕ್ ಸಿಟಿಯ ಆಫೀಸುಗಳಲ್ಲಿ ಈ ಒಂದು ಅಕ್ಷರ ನುಂಗಿದ ಗಂಟೆಗಳಿಗೆ ಲೆಕ್ಕವಿಟ್ಟವರಿಲ್ಲ.

ಗ್ನೂ ಯೋಜನೆ ಎರಡು ಮೈನಸ್ ಹಿಂದೆ ಪೂರ್ತಿ ಪದ ಬರೆಯುವುದನ್ನು ರೂಢಿಗೆ ತಂದಿತು. ಜಿಪುಣರಿಗೂ ನಿರಾಸೆ ಮಾಡಲಿಲ್ಲ: ಬೇರೊಂದಕ್ಕೆ ಹೋಲದಷ್ಟು ಅಕ್ಷರ ಬರೆದರೆ ಸಾಕು, ಉಳಿದದ್ದನ್ನು ಊಹಿಸುತ್ತದೆ. ಮುಂದಿನ ಆವೃತ್ತಿಯಲ್ಲಿ ಅದೇ ಅಕ್ಷರಗಳಿಂದ ಶುರುವಾಗುವ ಹೊಸ ಆಪ್ಷನ್ ಬರುವವರೆಗೆ ಈ ಸುಖ. ಪಟ್ಟಿ ಬೆಳೆದ ದಿನ ನಿನ್ನೆಯ ಸ್ಕ್ರಿಪ್ಟು ನಿಲ್ಲುತ್ತದೆ.

ಸಿಕಂದರಾಬಾದಿನ ಕೌಂಟರು

ಪಟ್ಟಿಯನ್ನು ಪ್ರೋಗ್ರಾಮಿನಿಂದ ಹೊರಗೆ ತಂದು ವ್ಯವಸ್ಥೆಯ ಕೈಗೇ ಕೊಟ್ಟವರೂ ಇದ್ದರು. ಡಿಜಿಟಲ್ ಕಂಪನಿಯ ವಿಎಂಎಸ್‌ನಲ್ಲಿ ಪ್ರತಿ ಕಮಾಂಡಿನ ವಿವರ ಒಂದು ಕೋಷ್ಟಕದಲ್ಲಿರುತ್ತದೆ; ಓರೆಗೆರೆ ಹಾಕಿ ಬರೆದ ಆಪ್ಷನ್ನುಗಳನ್ನು ಅದರ ಶೆಲ್ ತಾನೇ ಪರೀಕ್ಷಿಸಿ, ಸರಿ ಇದ್ದರೆ ಮಾತ್ರ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಕಮಾಂಡಿನ ಮೊದಲ ನಾಲ್ಕಕ್ಷರ ಬರೆದರೆ ಸಾಕು ಎಂಬ ಭರವಸೆಯೂ ಇತ್ತು. ಈ ವಿಎಂಎಸ್ ನಮಗೆ ಪರಕೀಯವಲ್ಲ. ರೈಲ್ವೆಯ ಮಾಹಿತಿ ಸಂಸ್ಥೆ ಕ್ರಿಸ್ ಕಟ್ಟಿದ ಕನ್ಸರ್ಟ್ ಎಂಬ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ ಅದರ ಮೇಲೆಯೇ ನಡೆದದ್ದು, ಮೊದಲು ಜಾರಿಯಾದದ್ದು 1994ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ. ಕೌಂಟರಿನ ಆಚೆ ಕೂತವರು ಊರು, ರೈಲು, ದರ್ಜೆ ಎಲ್ಲವನ್ನೂ ಚಿಕ್ಕ ಸಂಕೇತಗಳಲ್ಲಿ ಒತ್ತುತ್ತಾರೆ. ಸಿಕಂದರಾಬಾದ್ ಎಂದರೆ ಎಸ್‌ಸಿ, ಎರಡೇ ಅಕ್ಷರ.

ಓರೆಗೆರೆಯ ಇನ್ನೊಂದು ಸಂತಾನ ಡಾಸ್. ಅದರ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳಿರಲಿಲ್ಲ, ಓರೆಗೆರೆ ಆಪ್ಷನ್‌ಗೆ ಮೀಸಲಾಯಿತು. 1983ರಲ್ಲಿ ಫೋಲ್ಡರುಗಳು ಬಂದಾಗ ಗೆರೆ ಖಾಲಿ ಇರಲಿಲ್ಲ, ಹಿಮ್ಮುಖ ಓರೆಗೆರೆಯನ್ನು ಹಿಡಿದು ತಂದರು. ವಿಂಡೋಸ್ ಬಳಸುವವರೆಲ್ಲ ಇವತ್ತಿಗೂ ತೆರುತ್ತಿರುವ ಕಪ್ಪ ಅದು.

ಅಡಕದ ಪರಾಕಾಷ್ಠೆ ನೋಡಬೇಕೆಂದರೆ ಹಳೆಯ ಟ್ರಾವೆಲ್ ಏಜೆಂಟರ ಬೆರಳು ನೋಡಬೇಕು. ಅಮೇಡಿಯಸ್ ವ್ಯವಸ್ಥೆಯಲ್ಲಿ ಡಿಸೆಂಬರ್ 15ಕ್ಕೆ ಹೈದರಾಬಾದಿನಿಂದ ಬೆಂಗಳೂರಿಗೆ ಸೀಟು ಇದೆಯೇ ಎಂದು ಕೇಳಲು ಎಎನ್, 15, ಡಿಇಸಿ, ಎಚ್‌ವೈಡಿ, ಬಿಎಲ್‌ಆರ್ ಎಲ್ಲವನ್ನೂ ಒಂದು ಖಾಲಿ ಜಾಗವೂ ಇಲ್ಲದೆ ಒಂದೇ ಉಸಿರಿನಲ್ಲಿ ಒತ್ತುತ್ತಾರೆ. ಮೈನಸ್ ಇಲ್ಲ, ಕೋಲನ್ ಇಲ್ಲ. ತಾರೀಕು ಎರಡಂಕಿ, ತಿಂಗಳು ಮೂರಕ್ಷರ, ಊರು ಮೂರಕ್ಷರ ಎಂದು ಜಗತ್ತೇ ಒಪ್ಪಿಕೊಂಡಿರುವುದರಿಂದ ಪಾರ್ಸರ್ ಅಳೆದು ಕತ್ತರಿಸುತ್ತದೆ, ದರ್ಜಿಯ ಹಾಗೆ. ಮೊಬೈಲಿನಲ್ಲಿ ಸ್ಟಾರ್ 99 ಹ್ಯಾಶ್ ಒತ್ತಿ ಬ್ಯಾಂಕಿನ ಬಾಕಿ ನೋಡುವುದೂ ಇದೇ ಕುಲ; ಅಲ್ಲಿ ಸ್ಟಾರ್ ತುಂಡರಿಸುವ ಗುರುತು, ಹ್ಯಾಶ್ ಮುಗಿಯಿತೆಂಬ ಗುರುತು.

ಗಚ್ಚಿಬೌಲಿಯ ಎಂಟು ಮನೆ

ಅಮೀರ್‌ಪೇಟೆಯಿಂದ ಪಶ್ಚಿಮಕ್ಕೆ ಹೊರಟರೆ ಗಚ್ಚಿಬೌಲಿ. ಅಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ, ಅದರ ಹತ್ತಿರದಲ್ಲೇ 1998ರಲ್ಲಿ ಶುರುವಾದ ಟ್ರಿಪಲ್ ಐಟಿ. ಅಡಕ ಬರಹದ ನಮ್ಮ ಕಥೆಯಲ್ಲಿ ಹೈದರಾಬಾದಿನ ನಿಜವಾದ ಪಾಲು ಇರುವುದು ಇಲ್ಲಿ, ಅದರ ಮೊದಲ ಪುಟದಲ್ಲಿ ಕನ್ನಡವೂ ಇದೆ.

ಕಾನ್ಪುರದ ಐಐಟಿಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮುಂತಾದವರು 'ಅಕ್ಷರ ಭಾರತಿ' ಎಂಬ ಸಾಮೂಹಿಕ ಹೆಸರಿನಲ್ಲಿ ಬರೆಯುತ್ತ, ಪಾಣಿನಿಯ ಚೌಕಟ್ಟಿನಲ್ಲಿ ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಓದಿಸುವ ಕೆಲಸ ಆರಂಭಿಸಿದರು. 1995ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರದ ಪಠ್ಯವಾಯಿತು. ಒಂದು ಭಾಷೆಯ ಪಠ್ಯವನ್ನು ಇನ್ನೊಂದರ ಓದುಗನಿಗೆ ದಾಟಿಸುವ 'ಅನುಸಾರಕ' ಎಂಬ ಸಾಧನದಲ್ಲಿ ಅವರು ಮೊದಲು ಕೈಹಾಕಿದ್ದು ಕನ್ನಡದಿಂದ ಹಿಂದಿಗೆ. 1990ರ ದಶಕದಲ್ಲಿ ಆ ಕೆಲಸ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಬಂತು, ಆಮೇಲೆ ಟ್ರಿಪಲ್ ಐಟಿಯ ಭಾಷಾ ತಂತ್ರಜ್ಞಾನ ಕೇಂದ್ರ ಅದರ ನೆಲೆಯಾಯಿತು.

ಯುನಿಕೋಡ್ ಇನ್ನೂ ಬಳಕೆಗೆ ಬಾರದ ಕಾಲ. ಇಂಗ್ಲಿಷ್ ಕೀಬೋರ್ಡಿನ ಅಕ್ಷರಗಳಲ್ಲಿಯೇ ನಮ್ಮ ಲಿಪಿಗಳನ್ನು ಬರೆಯಬೇಕಿತ್ತು. ಖಕ್ಕೆ ಎರಡಕ್ಷರ, ಆಕ್ಕೆ ಎರಡಕ್ಷರ ಬರೆಯುವ ಪದ್ಧತಿಗಳಲ್ಲಿ ಪಾರ್ಸರ್ ಪ್ರತಿ ಹೆಜ್ಜೆಗೂ ಮುಂದೆ ಇಣುಕಿ ನೋಡಬೇಕು: ಇದು ಕ ಮತ್ತು ಹವೋ, ಇಲ್ಲ ಖವೋ? ಈ ಗುಂಪು ಬಳಸಿದ 'ಡಬ್ಲ್ಯು ಎಕ್ಸ್' ಲಿಪ್ಯಂತರ ಒಂದು ವರ್ಣಕ್ಕೆ ಒಂದೇ ಅಕ್ಷರ ಎಂದು ಹಟ ಹಿಡಿಯಿತು. ಸಣ್ಣ ಕೆ ಅಂದರೆ ಕ್, ದೊಡ್ಡ ಕೆ ಅಂದರೆ ಖ್. ಸಣ್ಣ ಎ ಅಂದರೆ ಅ, ದೊಡ್ಡದು ಆ. ಟಿ, ಡಿ ಎರಡೂ ಟಕಾರ ಡಕಾರಕ್ಕೆ ಹೋದದ್ದರಿಂದ ತಕಾರಕ್ಕೆ ಡಬ್ಲ್ಯು, ದಕಾರಕ್ಕೆ ಎಕ್ಸ್. ಹೆಸರು ಬಂದದ್ದೂ ಅಲ್ಲಿಂದಲೇ. ಹೀಗಾಗಿ ಹೈದರಾಬಾದಿನ ಹೆಸರಿನಲ್ಲಿ ಎರಡು ಎಕ್ಸ್ ಬರುತ್ತವೆ.

ಆದರೆ ಆ ಪಟ್ಟಿಯ ಗೆರೆ ಎಳೆದವರ ಕಣ್ಣು ಸಂಸ್ಕೃತ, ಹಿಂದಿಯ ಮೇಲಿತ್ತು. ಅಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಸಣ್ಣ ಇ ಏಕಾರಕ್ಕೆ, ದೊಡ್ಡ ಇ ಐಕಾರಕ್ಕೆ ಮೀಸಲಾದ ಮೇಲೆ ನಮ್ಮ ಎಕಾರಕ್ಕೆ ಜಾಗ ಉಳಿಯಲಿಲ್ಲ. ಏಕಾರದ ಬಾಲಕ್ಕೆ ದೊಡ್ಡ ವಿ ಅಂಟಿಸಿ ಎಕಾರ ಮಾಡಿದರು. ಒಕಾರಕ್ಕೂ ಅದೇ. ಳಕಾರಕ್ಕೆ ಲಕಾರದ ಮುಂದೆ ದೊಡ್ಡ ವೈ. 'ಎಲೆ' ಎಂಬ ನಮ್ಮ ಎರಡಕ್ಷರದ ಪದದಲ್ಲಿ ಎರಡು ಸಲ ಬಾಲ. ಒಂದು ವರ್ಣಕ್ಕೆ ಒಂದಕ್ಷರ ಎಂಬ ನಿಯಮ ಮುರಿದದ್ದು ಸರಿಯಾಗಿ ಕನ್ನಡ, ತೆಲುಗಿನ ಬಾಗಿಲಲ್ಲಿ, ಅದೂ ತೆಲುಗು ನಾಡಿನ ರಾಜಧಾನಿಯಲ್ಲಿ ಕೂತು ಬಳಸಿದ ಪಟ್ಟಿಯಲ್ಲಿ. ಯಾವುದು ಚಿಕ್ಕದಾಗುತ್ತದೆ, ಯಾವುದಕ್ಕೆ ಬಾಲ ಬರುತ್ತದೆ ಎಂಬುದನ್ನು ಭಾಷೆ ತೀರ್ಮಾನಿಸುವುದಿಲ್ಲ, ಪಟ್ಟಿ ಬರೆದವರ ಮನೆಮಾತು ತೀರ್ಮಾನಿಸುತ್ತದೆ.

2000ದ ದಶಕದಲ್ಲಿ ಟ್ರಿಪಲ್ ಐಟಿಯವರ ಅನುವಾದ ವ್ಯವಸ್ಥೆಗಳಲ್ಲಿ ಹತ್ತಾರು ಬಿಡಿ ಪ್ರೋಗ್ರಾಮುಗಳು ಒಂದರ ಉತ್ತರವನ್ನು ಇನ್ನೊಂದಕ್ಕೆ ದಾಟಿಸಬೇಕಿತ್ತು. ಅದಕ್ಕಾಗಿ ಬಂದದ್ದು ಶಕ್ತಿ ಮಾನಕ ರೂಪ, ಬಳಸುವವರ ಬಾಯಲ್ಲಿ ಎಸ್‌ಎಸ್‌ಎಫ್. ಒಂದು ಪದಕ್ಕೆ ಒಂದು ಸಾಲು, ಸಾಲಿಗೆ ನಾಲ್ಕು ಕಂಬ. ಕೊನೆಯ ಕಂಬದಲ್ಲಿ 'ಎಎಫ್' ಎಂಬ ಒಂದು ಅಡಕ ಬರಹ, ಅದರಲ್ಲಿ ಅಲ್ಪವಿರಾಮದಿಂದ ಬೇರೆಯಾದ ಎಂಟು ಮನೆ: ಮೂಲಪದ, ಜಾತಿ, ಲಿಂಗ, ವಚನ, ಪುರುಷ, ನೇರ ರೂಪವೋ ವಿಭಕ್ತಿ ಹತ್ತುವ ರೂಪವೋ, ವಿಭಕ್ತಿ ಅಥವಾ ಕಾಲ, ಕೊನೆಗೆ ಪ್ರತ್ಯಯ. 'ಮನೆಗೆ' ಎಂಬುದು ಮನೆ, ನಾಮಪದ, ನಪುಂಸಕ, ಏಕವಚನ ಎಂದು ಸಾಗಿ 'ಗೆ'ಯಲ್ಲಿ ನಿಲ್ಲುತ್ತದೆ. ಮನೆಗಳಿಗೆ ಹೆಸರಿನ ಫಲಕ ಇಲ್ಲ, ಸ್ಥಾನವೇ ಹೆಸರು. ಹೇಳಲು ಏನೂ ಇಲ್ಲದಿದ್ದರೆ ಮನೆ ಖಾಲಿ ಬಿಡಬೇಕು, ಅಲ್ಪವಿರಾಮ ಮಾತ್ರ ಬಿಡುವಂತಿಲ್ಲ. ಒಂದು ಅಲ್ಪವಿರಾಮ ಬಿದ್ದುಹೋದರೆ ಲಿಂಗದ ಮನೆಗೆ ವಚನ, ವಚನದ ಮನೆಗೆ ಪುರುಷ ನುಗ್ಗುತ್ತವೆ, ಕೊನೆಯ ಮನೆ ಬಯಲಾಗುತ್ತದೆ. ಎಂಟು ಇವೆಯೇ ಎಂದು ಎಣಿಸದೆ ಓದುವ ಪಾರ್ಸರ್ ಇದನ್ನು ಹಾಗೆಯೇ ನಂಬುತ್ತದೆ. ಇನ್ನು ವಾಕ್ಯದಲ್ಲಿರುವ ಅಲ್ಪವಿರಾಮವೇ ಪದವಾಗಿ ಸಾಲಿಗೆ ಬಂದರೆ ಅದಕ್ಕೆ ವೇಷ ಹಾಕಿಸಿ ಬೇರೆ ಹೆಸರಿನಲ್ಲಿ ಒಳಗೆ ಬಿಡಬೇಕು. ಮೈನಸ್ ಆರ್‌ಎಫ್ ಎಂಬ ಫೈಲಿನ ಪೀಡೆಯೇ ಇಲ್ಲಿ ಇನ್ನೊಂದು ರೂಪದಲ್ಲಿ.

ಪದಗಳ ನಡುವಿನ ಸಂಬಂಧಕ್ಕೂ ಅವರು ಚುಟುಕು ಹೆಸರಿಟ್ಟರು, ಕಾರಕಗಳ ಪ್ರಕಾರ. ಕೆ1 ಕರ್ತೃ, ಕೆ2 ಕರ್ಮ, ಕೆ3 ಕರಣ, ಕೆ4 ಸಂಪ್ರದಾನ, ಕೆ5 ಅಪಾದಾನ. ಕೆ7ಕ್ಕೆ ಪಿ ಸೇರಿಸಿದರೆ ಜಾಗದ ಅಧಿಕರಣ, ಟಿ ಸೇರಿಸಿದರೆ ಕಾಲದ ಅಧಿಕರಣ. ಕೆ6 ಎಲ್ಲಿ ಎಂದು ಹುಡುಕಬೇಡಿ. ಷಷ್ಠಿ ವಿಭಕ್ತಿ ಹೇಳುವುದು ಸಂಬಂಧವನ್ನು, ಅದು ಕಾರಕವಲ್ಲ. ಆದ್ದರಿಂದ ಅದು ಆರ್6. ಮೂರಕ್ಷರದೊಳಗೆ ವಿಭಕ್ತಿಯ ಸಂಖ್ಯೆಯೂ ಉಳಿಯಿತು, ಶಾಸ್ತ್ರವೂ ಉಳಿಯಿತು. ನಾನು ಕಂಡ ಅಡಕ ಸಂಕೇತಗಳಲ್ಲಿ ಇಷ್ಟು ಸುಸಂಸ್ಕೃತವಾದದ್ದು ಇನ್ನೊಂದಿಲ್ಲ.

ವಿಶ್ವವಿದ್ಯಾಲಯದ ಸಂಸ್ಕೃತ ವಿಭಾಗದಲ್ಲಿ ಅಂಬಾ ಕುಲಕರ್ಣಿ ಮತ್ತು ಸಂಗಡಿಗರು ಪದ ಬಿಡಿಸುವ, ಸಮಾಸ ಒಡೆಯುವ, ವಾಕ್ಯ ಪಾರ್ಸ್ ಮಾಡುವ 'ಸಂಸಾಧನೀ' ಎಂಬ ಉಪಕರಣಗಳನ್ನು ಕಟ್ಟಿದರು. 2009ರ ಜನವರಿಯಲ್ಲಿ ಸಂಸ್ಕೃತ ಗಣಕ ಭಾಷಾವಿಜ್ಞಾನದ ಮೂರನೆಯ ಅಂತರರಾಷ್ಟ್ರೀಯ ಗೋಷ್ಠಿ ಅಲ್ಲೇ ನಡೆಯಿತು. ಸಂಧಿಯಾಗಿ ಅಂಟಿಕೊಂಡ ಸಂಸ್ಕೃತದ ಸಾಲಿನ ಮುಂದೆ ಎಕ್ಸ್‌ವಿಎಫ್ ಬಿಡಿಸುವುದು ಮಕ್ಕಳಾಟ. ಅಲ್ಲಿ ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಎಷ್ಟೋ ಸಲ ನೂರಾರು ಉತ್ತರ, ಎಲ್ಲವೂ ವ್ಯಾಕರಣಕ್ಕೆ ಒಪ್ಪಿದವು.

ಹೆಸರಿನ ಫಲಕಗಳು

ಇತ್ತ ಕಮಾಂಡ್ ಪಾರ್ಸರುಗಳ ಲೋಕದಲ್ಲಿ ಪಟ್ಟಿ ಮತ್ತೆ ಜಾಗ ಬದಲಿಸಿತು. ಪೈಥಾನ್ ಭಾಷೆಯಲ್ಲಿ 2003ರಲ್ಲಿ ಆಪ್ಟ್‌ಪಾರ್ಸ್, 2010ರಲ್ಲಿ ಆರ್ಗ್‌ಪಾರ್ಸ್ ಬಂದವು. ಆಪ್ಷನ್ ಒಂದೊಂದರ ಹೆಸರು, ಬಗೆ, ವಿವರಣೆ ಘೋಷಿಸಿದರೆ ಸಾಕು, ಓದುವುದು ಮತ್ತು ಸಹಾಯ ಪುಟ ಬರೆಯುವುದು ಎರಡನ್ನೂ ಅವೇ ಮಾಡುತ್ತವೆ. 2012ರಲ್ಲಿ ವ್ಲಾದಿಮಿರ್ ಕೆಲೆಶೇವ್ ಬರೆದ ಡಾಕ್‌ಆಪ್ಟ್ ಇದನ್ನು ತಿರುಗಿಸಿ ಹಾಕಿತು: ಸಹಾಯ ಪುಟವನ್ನು ಮನುಷ್ಯರಿಗೆ ಬರೆಯುವಂತೆ ಬರೆಯಿರಿ, ಅದನ್ನೇ ಓದಿ ನಾನು ಪಾರ್ಸರ್ ಆಗುತ್ತೇನೆ. ಸೂತ್ರಕ್ಕೆ ವ್ಯಾಖ್ಯಾನ ಬರೆಯುವ ಬದಲು ವ್ಯಾಖ್ಯಾನದಿಂದಲೇ ಸೂತ್ರ ತೆಗೆಯುವ ಈ ಯೋಚನೆಗೆ ಮನಸೋಲದವರಿಲ್ಲ. ದೊಡ್ಡ ಪ್ರೋಗ್ರಾಮುಗಳಲ್ಲಿ ಅದನ್ನು ಬಳಸುವವರು ಮಾತ್ರ ಕಡಿಮೆ. ರಸ್ಟ್ ಭಾಷೆಯ ಕ್ಲ್ಯಾಪ್‌ನಲ್ಲಿ ಪಟ್ಟಿ ನೇರ ಪ್ರೋಗ್ರಾಮಿನ ದತ್ತಾಂಶದ ಆಕಾರದೊಳಗೇ ಕೂತುಬಿಡಬಹುದು. ಹೆಸರು ಉದ್ದವಾಗುತ್ತ ಬಂದಿದೆ, ಸ್ಕ್ರಿಪ್ಟುಗಳಲ್ಲಿ ಎರಡು ಮೈನಸ್‌ನ ಪೂರ್ತಿ ಪದ ಬರೆಯಿರಿ ಎಂಬ ಹಿರಿಯರ ಬುದ್ಧಿಮಾತು ಎಲ್ಲೆಡೆ ಕೇಳುತ್ತದೆ. ಬೆರಳಿಗೆ ಮಾತ್ರ ಇನ್ನೂ ಎಲ್‌ಟಿಆರೇ ಇಷ್ಟ.

ಭಾಷೆಯ ಕಡೆಯೂ ಅದೇ ಹೊರಳು. 2014ರಲ್ಲಿ ಮೊದಲ ರೂಪ ತಳೆದ ಯೂನಿವರ್ಸಲ್ ಡಿಪೆಂಡೆನ್ಸೀಸ್ ಎಂಬ ಅಂತರರಾಷ್ಟ್ರೀಯ ಯೋಜನೆ ಈಗ ಅನೇಕ ಭಾಷೆಗಳ ಸಾಮಾನ್ಯ ರೂಪವಾಗಿದೆ. ಅದರ ಸಾಲಿಗೆ ಹತ್ತು ಕಂಬ. ಖಾಲಿ ಮನೆಯಲ್ಲಿ ಅಡಿಗೆರೆ ಕಡ್ಡಾಯ, ಹಾಗಾಗಿ ಬಿದ್ದುಹೋದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ತಿಳಿಯುತ್ತದೆ. ಲಿಂಗ, ವಚನ, ವಿಭಕ್ತಿಗಳೆಲ್ಲ ತಮ್ಮ ತಮ್ಮ ಹೆಸರಿನ ಫಲಕ ಹೊತ್ತು, ಸಮ ಚಿಹ್ನೆಯ ಮುಂದೆ ಬೆಲೆ ಹಿಡಿದು ನಿಲ್ಲುತ್ತವೆ. ಗಚ್ಚಿಬೌಲಿಯಲ್ಲಿ ಎಂಟು ಮನೆಯ ರೂಪದಲ್ಲಿ ಗುರುತು ಹಾಕಿದ ಹಿಂದಿ ಪಠ್ಯಗಳೂ ಈ ಹೊಸ ರೂಪಕ್ಕೆ ದಾಟಿವೆ.

ದಾಟಿಸುವ ಪ್ರೋಗ್ರಾಂ ಬರೆಯುವವರು ಒಂದು ನೆಟ್ಟನೆಯ ಗೀಟಿನ ಮೇಲೆ ಕಣ್ಣಿಟ್ಟಿರಬೇಕು. 'ಹಾಡು' ನಾಮಪದವೂ ಆಗಬಹುದು, ಹಾಡೆಂಬ ಅಪ್ಪಣೆಯೂ ಆಗಬಹುದು. ಎಸ್‌ಎಸ್‌ಎಫ್‌ನಲ್ಲಿ ಎರಡು ವಿಶ್ಲೇಷಣೆಗಳ ನಡುವೆ ಆ ಗೀಟು ಬಂದರೆ 'ಇದು ಅಥವಾ ಅದು' ಎಂದರ್ಥ. ಹೊಸ ರೂಪದಲ್ಲಿ ವಚನಕ್ಕೂ ವಿಭಕ್ತಿಗೂ ನಡುವೆ ನಿಲ್ಲುವುದು ಅದೇ ಗೀಟು. ಅಲ್ಲಿ ಅದರ ಅರ್ಥ 'ಇದೂ ಅದೂ'.